ಮದುಮಗಳ ಕಾರಿನ ಹಳದಿ ದೀಪ

ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆಯುಧಪೂಜೆಯನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ. ಇಂಥ ಮಾತನ್ನು ನಾವೇ ಹೇಳಿಕೊಳ್ಳಬಾರದು, ನಿಜ. ಆದರೆ ಇಷ್ಟು ವರ್ಷ ಕಾದರೂ ಬೇರೆ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳಬೇಕಾಗಿ ಬಂದಿದೆ. ಉಳಿದವರು ದಸರೆಯ ದಿನ ಬಾನೆಟ್ಟಿನ ಮೇಲೆ ಒಂದು ಚೆಂಡುಹೂವಿನ ಮಾಲೆ ಎಸೆದು, ಎರಡು ಊದಿನಕಡ್ಡಿ ಆಡಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಲಿಫ್ಟಿನ ಕಡೆ ಓಡುತ್ತಾರೆ. ನಾನು ಧಾರವಾಡದವನು. ನಮ್ಮಪ್ಪ ಸೈಕಲ್ಲಿಗಷ್ಟೇ ಅಲ್ಲ, ಅದಕ್ಕೆ ಗಾಳಿ ಹೊಡೆಯುವ ಪಂಪಿಗೂ ಕುಂಕುಮ ಹಚ್ಚುತ್ತಿದ್ದರು.

ಕಳೆದ ವರ್ಷದ ದಸರೆಯಲ್ಲಿ ನಾನು ಅಪ್ಪನನ್ನೂ ಮೀರಿಸಿದೆ. ಕಾರಿನ ನಾಲ್ಕೂ ಚಕ್ರಗಳಿಗೆ ಬೇರೆ ಬೇರೆ ಮಾಲೆ! ಭಾರ ಹೊರುವುದು ಚಕ್ರ, ಮಾಲೆ ಮಾತ್ರ ಬಾನೆಟ್ಟಿಗೆ ಎಂದರೆ ಅದು ಯಾವ ನ್ಯಾಯ? ಹೂ ಮಾರುವವಳ ನೂಲು ಉಸಿರು ತಾಗಿದರೂ ಹರಿಯುವಂಥದ್ದು. ಆದ್ದರಿಂದ ಬಾಲ್ಕನಿಯ ಮೊಳೆಗೆ ಸುರುಳಿ ಸುತ್ತಿ ನೇತುಹಾಕಿದ್ದ ಗಟ್ಟಿಯಾದ ಹಸಿರು ದಾರ ಕಣ್ಣಿಗೆ ಬಿದ್ದಾಗ ಅದು ದೈವಪ್ರೇರಣೆ ಎಂದೇ ತಿಳಿದೆ. ಆ ದಾರಕ್ಕೆ ಹೂ ಪೋಣಿಸಿದೆ. ಚಕ್ರದ ತೂತುಗಳಲ್ಲಿ ಹಾಯಿಸಿ ಹಿಂದಿನಿಂದ ಬಿಗಿದೆ. ಕೊನೆಯ ಚಕ್ರಕ್ಕೆ ಬರುವಾಗ ಬಹಳಷ್ಟು ದಾರ ಉಳಿದಿತ್ತು. ಪೂಜೆಗೆಂದು ತೆಗೆದದ್ದನ್ನು ಕತ್ತರಿಸಿ ಕಸಕ್ಕೆ ಹಾಕಲು ಮನಸ್ಸಾಗದೆ ಅಷ್ಟನ್ನೂ ಅದೇ ಚಕ್ರಕ್ಕೆ ಸುತ್ತಿಬಿಟ್ಟೆ. ಕಾರಿನ ಎದುರಿಗೆ ನಿಂತು ಆರತಿ ಎತ್ತಿದೆ, ಕಾಯಿ ಒಡೆದೆ, ನಿಂಬೆಹಣ್ಣಿನ ಮೇಲೆ ಹಾಯಿಸಿ ಕಂಪೌಂಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದೆ.

ನನ್ನ ಹೆಂಡತಿ ಸುಮತಿ ಉಡುಪಿ ಕಡೆಯವಳು. ಕನ್ನಡ ಸಂಘದ ನಾಟಕದಲ್ಲಿ ಅವಳು ರಾಣಿ, ನಾನು ದ್ವಾರಪಾಲಕ. ಅಲ್ಲಿ ಶುರುವಾದ ಪರಿಚಯ ಮದುವೆಯಲ್ಲಿ ಮುಗಿಯಿತು. ಪಾತ್ರಗಳು ಮಾತ್ರ ಇವತ್ತಿಗೂ ಬದಲಾಗಿಲ್ಲ. ಅವಳು ಬಾಲ್ಕನಿಯಿಂದ ಬಗ್ಗಿ ನೋಡಿ, ಸಿಂಗಾರವೆಲ್ಲ ಚಂದ ಆಗಿದೆ, ಇನ್ನು ಕಾರಿಗೆ ಬಳೆ ತೊಡಿಸುವುದೊಂದು ಬಾಕಿ ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪೂಜೆಯ ಮಾಲೆಯನ್ನು ಕೈಯಾರೆ ಕೀಳಬಾರದು, ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಸ್ವಲ್ಪ ದಿನಗಳಲ್ಲಿ ಅದು ಉದುರಿತು. ಹೂವೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ದೇವರಿಗೆ ಮುಟ್ಟಿತು ಎಂದುಕೊಂಡೆ.

ಅದೇ ದಿನಗಳಲ್ಲಿ ನಮ್ಮ ಬಾಲ್ಕನಿಯಲ್ಲಿ ಒಂದು ಕಳವೂ ಆಗಿತ್ತು. ಹಬ್ಬದ ಕ್ಲೀನಿಂಗಿಗೆಂದು ಬಿಚ್ಚಿಟ್ಟಿದ್ದ ಸುಮತಿಯ ಬಟ್ಟೆ ಒಣಗಿಸುವ ಹಗ್ಗ ಕಾಣೆಯಾಗಿತ್ತು. ಪಕ್ಕದ ಫ್ಲ್ಯಾಟಿನ ಭಾಭಿಯ ಬಾಲ್ಕನಿಗೂ ನಮ್ಮದಕ್ಕೂ ಒಂದೇ ಗೋಡೆ. ಸುಮತಿ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಆ ಮನೆಗೆ ಹೋಗುತ್ತಿದ್ದ ಬಿಸಿ ಗೋಳಿಬಜೆಯ ತಟ್ಟೆ ನಿಂತಿತು. ನಾನೂ ಹೆಂಡತಿಯ ಪರವಾಗಿ ಗಂಭೀರವಾಗಿ ಸೊಸೈಟಿ ಸೆಕ್ರೆಟರಿಗೆ ದೂರು ಕೊಟ್ಟೆ. ಬಿಲ್ಡಿಂಗಿನಲ್ಲಿ ಯಾರನ್ನೂ ನಂಬುವ ಕಾಲ ಇದಲ್ಲ ಎಂದೂ ಹೇಳಿದೆ. ಅವರು ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ, ಕಳ್ಳರಿದ್ದಾರೆ, ಬಾಲ್ಕನಿಯ ವಸ್ತುಗಳನ್ನು ನೋಡಿಕೊಳ್ಳಿ ಎಂದು ಮರಾಠಿಯಲ್ಲಿ ನೋಟೀಸು ಹಚ್ಚಿದರು.

ಇರಲಿ. ಕತೆ ಕಾರಿನದ್ದು.

ಸುಮತಿಯ ಅಣ್ಣ ಸದಾನಂದ ಭಾವನಿಗೆ ಫೋರ್ಟ್ ಏರಿಯಾದಲ್ಲಿ ಹೋಟೆಲು, ಸಯನ್‌ನಲ್ಲಿ ಮನೆ. ಅವರ ಮಗಳು ಪ್ರಜ್ಞಾ. ನಮಗೆ ಮಕ್ಕಳಿಲ್ಲ, ಅವಳು ರಜೆಗೆ ಬಂದರೆ ನಮ್ಮ ಮನೆಯಲ್ಲಿ ಹಬ್ಬ. ಈ ಕಾರನ್ನು ಹೊಸದಾಗಿ ಮನೆಗೆ ತಂದಾಗ ಹಿಂದಿನ ಸೀಟಿನಲ್ಲಿ ಮೊದಲು ಕೂತವಳು ಅವಳೇ, ಸ್ಕೂಲ್ ಯೂನಿಫಾರ್ಮಿನಲ್ಲಿ, ಕೈಯಲ್ಲಿ ವಡಾಪಾವ್ ಹಿಡಿದುಕೊಂಡು. ಅವತ್ತು ನಾನು ಖುಷಿಯಲ್ಲಿ ಅವಳಿಗೆ ಮಾತು ಕೊಟ್ಟಿದ್ದೆ: "ನಿನ್ನ ಮದವಿ ದಿವಸ ಮದವಿ ಹಾಲ್‌ಗೆ ನಿನ್ನ ಇದs ಕಾರಿನ್ಯಾಗ ಕರಕೊಂಡು ಹೋಗ್ತೀನಿ, ನೋಡಕೋತ ಇರು."

ಮಕ್ಕಳು ಇಂಥದ್ದನ್ನು ಮರೆಯುವುದಿಲ್ಲ. ತುಳಸಿಪೂಜೆಯ ನಂತರದ ಮುಹೂರ್ತಕ್ಕೆ ಅವಳ ಮದುವೆ ನಿಶ್ಚಯವಾಯಿತು. ಭಾವ ಆಗಷ್ಟೇ ಒಂದು ಹೊಸ ಕಪ್ಪು ಕಾರು ಕೊಂಡಿದ್ದರು. ಅದನ್ನು ಹತ್ತಲು ಮೆಟ್ಟಿಲು ಬೇಕು, ಅಷ್ಟು ಎತ್ತರ. ಮದುಮಗಳು ಅದರಲ್ಲೇ ಹೋಗುವುದೆಂದು ಎಲ್ಲರೂ ತಿಳಿದಿದ್ದರು. ಪ್ರಜ್ಞಾ ತನ್ನ ಮುಂಬಯಿ ಕನ್ನಡದಲ್ಲಿ ಅಪ್ಪನಿಗೆ ಹೇಳಿಬಿಟ್ಟಳು: "ಪಪ್ಪಾ, ನಾನು ಮಾವನ ಗಾಡಿಯಲ್ಲೇ ಬರೋದು. ಅದು ತುಂಬಾ ಹಿಂದೆನೇ ಡಿಸೈಡ್ ಆಗಿದೆ."

ನಾನು ಆ ದಿನ ಸಯನ್‌ನಿಂದ ಕಾಂದಿವಲಿಗೆ ಬಂದದ್ದು ಕಾರಿನಲ್ಲಿ ಎಂದು ಸುಮತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ಹಾರಿ ಬಂದೆ.

ಮುಂದಿನ ಭಾನುವಾರ ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮದುವೆಯ ಹಾಲ್ ನೋಡಲು ಹೊರಟಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಫಕ್ಕನೆ ಒಂದು ಹಳದಿ ದೀಪ ಹೊತ್ತಿಕೊಂಡಿತು. ಹೊತ್ತಿಕೊಂಡದ್ದು ಆರಲಿಲ್ಲ. ಭಾವ ಅದನ್ನು ನೋಡಿದರು. ದೀಪಾವಳಿ ಹತ್ತಿರ ಬಂತಲ್ಲ, ಕಾರೂ ಒಂದು ದೀಪ ಹಚ್ಚಿದೆ ಎಂದೆ. ಅವರು ನಗಲಿಲ್ಲ. ಹೋಟೆಲು ನಡೆಸುವವರು ಒಲೆಯ ಬೆಂಕಿ, ಗ್ಯಾಸಿನ ವಾಸನೆ, ಉರಿಯುವ ದೀಪಗಳ ವಿಷಯದಲ್ಲಿ ನಗುವುದಿಲ್ಲ.

"ಬೇಸರ ಮಾಡಬೇಡಿ ಭಾವ," ಎಂದರು. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ. "ಆ ದೀಪ ಆರಿದರೆ ನಿಮ್ಮ ಕಾರು. ಆರದಿದ್ದರೆ ನನ್ನ ಕಾರು. ಮಗಳನ್ನು ಕೂರಿಸುವ ಗಾಡಿ ನೋಡಿ."

ನ್ಯಾಯವಾದ ಮಾತು. ಅದಕ್ಕೇ ಚುಚ್ಚಿತು.

ಮನೆಗೆ ಬಂದವನೇ ಕಾರಿನ ಜೊತೆ ಬಂದಿದ್ದ, ಅದುವರೆಗೆ ಯಾರೂ ಬಿಡಿಸಿ ನೋಡದ ದಪ್ಪ ಪುಸ್ತಕವನ್ನು ಓದಿದೆ. ವಿಷಯ ಇಷ್ಟು. ಪ್ರತಿ ಚಕ್ರದ ಹಿಂದೆ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅದು ಕಾರಿಗೆ ವರದಿ ಒಪ್ಪಿಸುತ್ತಲೇ ಇರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಯಾವುದಾದರೂ ಚಕ್ರ ಕಚ್ಚಿಕೊಂಡು ನಿಂತರೆ ಕಾರು ಜಾರುತ್ತದೆ. ಈ ವರದಿಗಳನ್ನು ನೋಡಿ ಕಾರು ಆ ಚಕ್ರದ ಬ್ರೇಕನ್ನು ತುಸು ಸಡಿಲಿಸುತ್ತದೆ. ಯಾವುದೋ ಒಂದು ಸೆನ್ಸರ್ ವರದಿ ಕೊಡುವುದನ್ನು ನಿಲ್ಲಿಸಿದೆ, ಅದಕ್ಕೇ ದೀಪ. ಮಾಮೂಲು ಬ್ರೇಕಿಗೆ ಏನೂ ಆಗಿಲ್ಲ. ನಮ್ಮ ಆಫೀಸಿನಲ್ಲೂ ಹೀಗೆ ವರದಿ ಕೊಡದವರು ಇದ್ದಾರೆ, ಅವರಿಗಾಗಿ ಯಾರೂ ದೀಪ ಹಚ್ಚುವುದಿಲ್ಲ.

ಗ್ಯಾರೇಜಿಗೆ ಹೋದೆ. ಬಾಗಿಲು ಹಾಕಿತ್ತು. ದೀಪಾವಳಿ, ಛಠ್ ಪೂಜೆ ಎಂದು ಮೇಸ್ತ್ರಿಗಳೆಲ್ಲ ಉತ್ತರದ ತಮ್ಮ ಊರುಗಳಿಗೆ ಹೋಗಿದ್ದರು. ತೆರೆದಿದ್ದ ಇನ್ನೊಂದು ಗ್ಯಾರೇಜಿನಲ್ಲಿ ನಿಂತಿದ್ದ ಕಾರುಗಳ ಸಾಲು ನೋಡಿದರೆ, ನಮ್ಮ ಸರದಿ ಬರುವಷ್ಟರಲ್ಲಿ ಪ್ರಜ್ಞಾ ಸೀಮಂತಕ್ಕೆ ತವರಿಗೆ ಬಂದಿರುತ್ತಿದ್ದಳು. ಸುಮತಿ ಮಾತ್ರ ತಲೆಕೆಡಿಸಿಕೊಳ್ಳಲಿಲ್ಲ. ಹಣೆಯ ಬಿಂದಿಯನ್ನು ತೆಗೆದು ದೀಪದ ಮೇಲೆ ಅಂಟಿಸಿ, ಆಯ್ತಲ್ಲ ಎಂದಳು. ಸಂಜೆಯಾಗುತ್ತಲೇ ಬಿಂದಿಯ ಹಿಂದಿನಿಂದ ಬೆಳಕು ಹೊಮ್ಮಿ ನನ್ನ ಡ್ಯಾಶ್‌ಬೋರ್ಡು ಸಾಕ್ಷಾತ್ ಅಮ್ಮನವರ ಹಣೆಯ ಹಾಗೆ ಹೊಳೆಯತೊಡಗಿತು. ಕೈ ಮುಗಿಯಬಹುದಿತ್ತು, ಭಾವನಿಗೆ ತೋರಿಸುವ ಹಾಗಿರಲಿಲ್ಲ.

"ನೀ ಚಿಂತಿ ಬಿಡು ಸುಮತಿ," ಎಂದೆ. "ನಾನs ರಿಪೇರಿ ಮಾಡ್ತೀನಿ."

"ಅದಕ್ಕೇ ಚಿಂತೆ ಆಗುವುದು ಮಾರಾಯ್ರೆ," ಎಂದಳು ಅವಳು.

ನಾನು ಫೋನಿನಲ್ಲಿ ರಿಪೇರಿಯ ವಿಡಿಯೋಗಳನ್ನು ನೋಡಲು ಕೂತೆ. ದಿನಾ ಫೋರ್ಟಿನ ಆಫೀಸಿಗೆ ಹೋಗಿಬರುವ ಲೋಕಲ್ಲಿನಲ್ಲಿ ಇದೇ ನನ್ನ ಪಾರಾಯಣ. ಕಾರಿನ ನಾಡಿ ಹಿಡಿಯುವ ಸ್ಕ್ಯಾನರ್ ಎಂಬ ಸಣ್ಣ ಯಂತ್ರವನ್ನು ತರಿಸಿದೆ. ಅದನ್ನು ಸ್ಟಿಯರಿಂಗಿನ ಕೆಳಗೆ ಚುಚ್ಚಿದರೆ ರೋಗದ ಹೆಸರು ಫೋನಿನಲ್ಲಿ ಮೂಡುತ್ತದೆ. ಮೂಡಿತು! ಮುಂದಿನ ಎಡಚಕ್ರದ ವೇಗದ ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ ಎಂದಿತು. ನನ್ನ ಜೀವಮಾನದಲ್ಲಿ ಒಂದು ಯಂತ್ರ ನನ್ನೊಡನೆ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ಅದೇ ಮೊದಲು. ಆಫೀಸು ಬಿಟ್ಟ ಮೇಲೆ ಬಿಡಿಭಾಗಗಳ ಅಂಗಡಿ ಹುಡುಕಿ ಹೊಸ ಸೆನ್ಸರ್ ಕೊಂಡೆ. ಮುಂದಿನ ಎರಡೂ ಚಕ್ರಗಳಿಗೆ ಒಂದೇ ನಮೂನೆ ಎಂದು ಅಂಗಡಿಯವನು ಹೇಳಿದ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಪೆಟ್ಟಾಗದಿರಲೆಂದು ಅದನ್ನು ಟಿಫಿನ್ ಡಬ್ಬಿಯಲ್ಲಿಟ್ಟು ತಂದೆ. ಎದುರಿಗೆ ಕೂತವರಿಗೆ ಡಬ್ಬಿ ತೆರೆದು ತೋರಿಸಿ ಚಕ್ರದ ವೇಗ, ಬ್ರೇಕಿನ ಧರ್ಮ ಎಲ್ಲ ವಿವರಿಸಿದೆ. ಬೊರಿವಲಿಗೆ ಹೋಗಬೇಕಾಗಿದ್ದ ಒಬ್ಬರು ಅಂಧೇರಿಯಲ್ಲೇ ಇಳಿದುಬಿಟ್ಟರು.

ಮನೆಯಲ್ಲಿ ಡಬ್ಬಿ ತೊಳೆಯಲು ತೆರೆದ ಸುಮತಿ ಬಹಳ ಹೊತ್ತು ಒಳಗೆ ನೋಡಿದಳು. ಇದಕ್ಕೆ ಸಾಂಬಾರು ಬೇಕಾ, ಚಟ್ನಿ ಸಾಕಾ ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಮಿಂದು, ದೇವರಿಗೆ ದೀಪ ಹಚ್ಚಿ, ಹಳೆಯ ಬನಿಯನ್ ತೊಟ್ಟು ಕೆಳಗಿಳಿದೆ. ಕೈಯಲ್ಲಿ ನಟ್ಟು ಬಿಚ್ಚುವ ಹೊಸ ಪಾನಾಗಳ ಪೆಟ್ಟಿಗೆ. ವಾಹನದ ಮುಂದೆ ನಿಂತು ಕೈಮುಗಿಯದೆ ಯಾವ ಕೆಲಸಕ್ಕೂ ಕೈಹಾಕಿದವನಲ್ಲ ನಾನು. ಹಾಗೆಯೇ ಎದುರಿಗೆ ನಿಂತು ಕೈಮುಗಿದೆ. ಎಡಗೈ ಚಾಚಿ, ಮುಂದಿನ ಎಡಚಕ್ರ ಎಂದು ಗಟ್ಟಿಯಾಗಿ ಹೇಳಿಕೊಂಡು ಆ ಕಡೆಗೆ ನಡೆದೆ. ಜಾಕ್ ಏರಿಸಿದೆ. ಚಕ್ರ ಬಿಚ್ಚಿದೆ.

ಅಷ್ಟರಲ್ಲಿ ಸೆಕ್ರೆಟರಿ ಬಂದರು. ಕಂಪೌಂಡಿನಲ್ಲಿ ಗಾಡಿ ರಿಪೇರಿ ಮಾಡಕೂಡದೆಂಬ ನಿಯಮವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದರು. ಇದು ರಿಪೇರಿಯಲ್ಲ, ಕನ್ಯಾದಾನದ ಸಿದ್ಧತೆ ಎಂದು ನಾನು ವಿವರಿಸಿದೆ. ಅವರು ಕರಗಿದರು. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಕೂತು, ನಿಯಮಭಂಗವನ್ನು ಕೊನೆಯವರೆಗೂ ನೋಡಿದರು.

ವಿಡಿಯೋದಲ್ಲಿ ಸೆನ್ಸರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಹೊರಗೆ ಬಂದಿತ್ತು. ಆ ವಿಡಿಯೋದವನ ಊರಿನಲ್ಲಿ ಮುಂಬಯಿಯ ಮಳೆಯಿಲ್ಲ, ಮೊಣಕಾಲುದ್ದದ ನೀರಿನಲ್ಲಿ ಅವನ ಕಾರು ಎಂದೂ ನಿಂತಿಲ್ಲ. ನನ್ನದು ತುಕ್ಕು ಹಿಡಿದು ಗೂಡಿನಲ್ಲೇ ಅಂಟಿಕೊಂಡಿತ್ತು. ತಿರುವಿದೆ, ಎಳೆದೆ, ಬೇಡಿಕೊಂಡೆ. ಸುಮತಿ ಕೆಳಗಿಳಿದು ಬಂದು ತೆಂಗಿನೆಣ್ಣೆಯ ಬಾಟಲಿ ಕೊಟ್ಟಳು. ಅವಳ ಊರಿನಲ್ಲಿ ಕೂದಲಿಗೂ, ಕೀಲುನೋವಿಗೂ, ಬಾಗಿಲಿನ ತಿರುಗಣಿಗೂ ಅದೊಂದೇ ಮದ್ದು. ಎಣ್ಣೆ ಹಾಕಿ ಮತ್ತೆ ಎಳೆದೆ. ಟಕ್ ಎಂದಿತು. ಸೆನ್ಸರಿನ ಅರ್ಧ ನನ್ನ ಕೈಯಲ್ಲಿ, ಅರ್ಧ ಕಾರಿನಲ್ಲಿ!

ಉಳಿದರ್ಧವನ್ನು ಚೂರು ಚೂರಾಗಿ ಕೆತ್ತಿ ತೆಗೆಯುವಷ್ಟರಲ್ಲಿ ಸೆಕ್ರೆಟರಿ ಊಟ ಮುಗಿಸಿ ಮತ್ತೆ ಬಂದು ಕೂತಿದ್ದರು. ಆದರೂ ತೆಗೆದೆ. ಹೊಸದನ್ನು ಕೂರಿಸಿದೆ, ವೈರ್ ಜೋಡಿಸಿದೆ, ಚಕ್ರ ಹಾಕಿದೆ. ಎಣ್ಣೆ ಮೆತ್ತಿದ ಕೈಯಲ್ಲಿ ಪಾನಾ ಹಿಡಿದು ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಅದನ್ನು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಕಾರ್ಯ ಸಿದ್ಧಿಯಾಯಿತು, ದೀಪ ಆರಿತು ಎಂದು ಬರೆದೆ. ಅಭಿನಂದನೆಗಳು ಮಳೆಯಂತೆ ಸುರಿದವು. ಪ್ರಜ್ಞಾ ಕೆಂಪು ಹೃದಯಗಳನ್ನು ಸಾಲಾಗಿ ಕಳಿಸಿದಳು.

ಆಮೇಲೆ ಕಾರು ಸ್ಟಾರ್ಟ್ ಮಾಡಿದೆ.

ದೀಪ ಉರಿಯುತ್ತಿತ್ತು.

ಕಂಪೌಂಡಿನಲ್ಲಿ ಸುತ್ತು ಹಾಕಿದೆ. ಉರಿಯುತ್ತಲೇ ಇತ್ತು. ಸ್ಕ್ಯಾನರ್ ಚುಚ್ಚಿದೆ. ಮುಂದಿನ ಎಡಚಕ್ರದಿಂದ ಸುದ್ದಿಯಿಲ್ಲ ಎಂಬ ಅದೇ ಹಳೆಯ ರಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸ್ಕ್ಯಾನರನ್ನು ಬೈದೆ, ಸೆನ್ಸರ್ ಮಾರಿದವನನ್ನು ಬೈದೆ, ವಿಡಿಯೋದವನನ್ನೂ ಅವನ ಮಳೆಯಿಲ್ಲದ ಊರನ್ನೂ ಬೈದೆ. ಅಷ್ಟರಲ್ಲಿ ಫೋನು ಬಂತು. ಸದಾನಂದ ಭಾವ. ಅವರ ದನಿಯಲ್ಲಿ ಅಷ್ಟೊಂದು ಪ್ರೀತಿಯನ್ನು ನಾನು ಹಿಂದೆ ಕೇಳಿರಲಿಲ್ಲ.

"ಒಳ್ಳೇದಾಯ್ತು ಭಾವ," ಎಂದರು. "ನನ್ನ ಕಾರನ್ನು ಮದುಮಗನ ಕಡೆಯವರಿಗೆ ಕೊಟ್ಟೆ. ಅವರ ಅಜ್ಜಿಗೆ ಮೊಣಕಾಲು ನೋವು ಅಂತೆ. ಇನ್ನು ಪ್ರಜ್ಞಾ ನಿಮ್ಮ ಜವಾಬ್ದಾರಿ."

ಹೇಳಿಬಿಡಬೇಕಿತ್ತು. ಆಗಲಿ ಭಾವ ಎಂದೆ. ಫೋನ್ ಇಟ್ಟು, ಉರಿಯುವ ದೀಪದ ಮುಂದೆ ತಣ್ಣಗೆ ಕೂತೆ. ಮಾತು ಕೊಟ್ಟದ್ದು ನಾನು, ಸುಳ್ಳು ಫೋಟೋ ಹಾಕಿದ್ದೂ ನಾನು. ಈಗ ಆ ಹುಡುಗಿಗೆ ಬೇರೆ ಕಾರೂ ಇಲ್ಲ. ಮದುವೆಯ ದಿನ ಟ್ಯಾಕ್ಸಿ ಹುಡುಕುತ್ತ ರಸ್ತೆಯಲ್ಲಿ ನಿಂತ ಪ್ರಜ್ಞಾ ಕಣ್ಣ ಮುಂದೆ ಬಂದಳು.

ಸುಮತಿ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕಾರಿನ ಎದುರಿಗೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದಳು.

"ಒಂದು ಕೇಳ್ತೇನೆ," ಎಂದಳು. "ನಮ್ಮ ಊರಿನಲ್ಲಿ ದೇವರಲ್ಲಿ ಪ್ರಸಾದ ಕೇಳ್ತೇವಲ್ಲ, ಮೂರ್ತಿಯ ಮೇಲಿಂದ ಬಲಗಡೆಯ ಹೂ ಬಿದ್ದರೆ ಕೆಲಸ ಆಗ್ತದೆ ಅಂತ. ಆ ಬಲ ಅಂದರೆ ದೇವರ ಬಲ. ಎದುರು ನಿಂತ ನಮಗೆ ಅದು ಎಡಕ್ಕೆ. ಈ ಕಾರಿಗೆ ಹೇಗೆ?"

ನಾನು ಕಾರಿನೊಳಗೆ ಕೂತು ಸ್ಟಿಯರಿಂಗ್ ಹಿಡಿದೆ. ಎಡಗೈ ನೋಡಿಕೊಂಡೆ. ಹೊರಗೆ ಬಂದು ಎದುರಿಗೆ ನಿಂತೆ. ಮತ್ತೆ ಎಡಗೈ ನೋಡಿಕೊಂಡೆ. ನಿಧಾನವಾಗಿ ಜ್ಞಾನೋದಯವಾಯಿತು. ಇಷ್ಟು ವರ್ಷ ವಾಹನವನ್ನು ದೇವರೆಂದು ಭಾವಿಸಿ ಎದುರಿಗೆ ನಿಂತೇ ನೋಡಿದ ಭಕ್ತ ನಾನು. ಕಾರಿನ ಎಡ ಅದರದ್ದೇ ಎಡ, ನನ್ನದಲ್ಲ. ನಾನು ಬಿಚ್ಚಿದ್ದು ಬಲಚಕ್ರ. ನನ್ನ ಕೈಯಲ್ಲಿ ಎರಡು ತುಂಡಾಗಿ ಪ್ರಾಣಬಿಟ್ಟ ಆ ಸೆನ್ಸರಿಗೆ ಯಾವ ರೋಗವೂ ಇರಲಿಲ್ಲ. ಪ್ರತಿ ದಿನ ನಿಯತ್ತಾಗಿ ವರದಿ ಕೊಡುತ್ತಿದ್ದ ಜೀವ ಅದು!

ಮರುದಿನ ಮತ್ತೆ ಅದೇ ಅಂಗಡಿ, ಅದೇ ಸೆನ್ಸರ್. ಅಂಗಡಿಯವನು ನನ್ನನ್ನು ಗುರುತು ಹಿಡಿದು, ನಿಮ್ಮದು ಗ್ಯಾರೇಜೇ ಎಂದು ವಿಚಾರಿಸಿದ. ನಾನು ಇಲ್ಲ ಎನ್ನಲಿಲ್ಲ. ಕಾಂದಿವಲಿ ಎಂದಷ್ಟೇ ಹೇಳಿದೆ.

ಮದುವೆಗೆ ಮೊದಲಿನ ರಜೆಯ ದಿನ ಎರಡನೆಯ ಶಸ್ತ್ರಚಿಕಿತ್ಸೆ. ಈ ಸಲ ನಾನು ಎದುರಿಗೆ ನಿಂತು ಕೈಮುಗಿಯಲಿಲ್ಲ, ಹಿಂದಿನಿಂದ ಮುಗಿದೆ. ಸೆಕ್ರೆಟರಿ ಕುರ್ಚಿಯ ಸಮೇತ ಹಾಜರಿದ್ದರು. ಪಕ್ಕದ ಮನೆಯ ಭಾಭಿ ತರಕಾರಿ ಚೀಲ ಹಿಡಿದು ಹಾದುಹೋಗುತ್ತಿದ್ದವರು, ಸುಮತಿಯನ್ನು ನೋಡಿ ಸ್ವಲ್ಪ ದೂರದಲ್ಲೇ ನಿಂತರು. ಸುಮತಿ ಟಾರ್ಚ್ ಹಿಡಿದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಾನು ಚಕ್ರ ಎಳೆದು ತೆಗೆದೆ.

ಚಕ್ರದ ಹಿಂದೆ ಒಂದು ಗೂಡು. ಮೊದಲು ಹಕ್ಕಿಯದ್ದೆಂದುಕೊಂಡೆ. ಟಾರ್ಚು ಹತ್ತಿರ ಬಂದಾಗ ಕಂಡಿತು: ಹಸಿರು ಬಣ್ಣದ್ದೇನೋ ಸುತ್ತಿ ಸುತ್ತಿ ಬಿಗಿದುಕೊಂಡಿದೆ, ನಡುನಡುವೆ ಒಣಗಿ ಕಪ್ಪಾದ ಹೂವಿನ ಎಸಳು. ಚಕ್ರ ತಿರುಗಿದಂತೆಲ್ಲ ಅದು ಒಳಗೊಳಗೆ ಸುತ್ತಿಕೊಂಡು, ಸೆನ್ಸರಿನ ವೈರನ್ನೂ ತನ್ನ ಜೊತೆ ಎಳೆದುಕೊಂಡು, ಗರಗಸದ ಹಾಗೆ ಉಜ್ಜಿ ತುಂಡರಿಸಿತ್ತು. ಸೆನ್ಸರ್ ಪಾಪ ಅಲ್ಲೇ ನೆಟ್ಟಗೆ ಕೂತಿತ್ತು. ಅದು ಕೆಟ್ಟಿರಲಿಲ್ಲ, ಅದರ ಕತ್ತು ಹಿಸುಕಿದ್ದರು. ಯಾರು ಎಂಬುದು ನನಗೆ ಅರ್ಥವಾಗತೊಡಗಿತು. ಬೇಗ ಬೇಗ ಅದನ್ನು ಕಿತ್ತು ಜೇಬಿಗೆ ತುರುಕಲು ಹೋದೆ.

ಸುಮತಿ ಟಾರ್ಚನ್ನು ನನ್ನ ಕೈಯ ಮೇಲೆ ಬಿಟ್ಟಳು. ಒಂದು ತುದಿಯನ್ನು ಬೆರಳಿನಲ್ಲಿ ಹಿಡಿದು ಎಳೆದು ನೋಡಿದಳು.

"ಇದು ನನ್ನ ಬಟ್ಟೆ ಹಾಕುವ ಹಗ್ಗ," ಎಂದಳು.

ಕಳವಾದದ್ದನ್ನು ದೇವರಿಗೆ ಕೊಟ್ಟ ವಸ್ತುಗಳಲ್ಲಿ ಹುಡುಕಬೇಕೆಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆಯನ್ನು ನಾನು ಆಫೀಸಿನಲ್ಲಿ ಎಷ್ಟೋ ಮಂದಿಗೆ ಹೇಳಿ ನಕ್ಕಿದ್ದೇನೆ. ಕಳ್ಳನನ್ನು ಹಿಡಿಯಿರಿ ಎಂದು ದೂರು ಕೊಟ್ಟವನು ನಾನು, ನೋಟೀಸು ಹಚ್ಚಿಸಿದವನು ನಾನು, ಹಗ್ಗ ಈಗ ನನ್ನ ಕೈಯಲ್ಲಿ. ಸೆಕ್ರೆಟರಿಗೆ ಕನ್ನಡ ಬಾರದು. ಆದರೆ ಹಗ್ಗಕ್ಕೆ ಭಾಷೆ ಬೇಕಿರಲಿಲ್ಲ. ಅವರು ಎದ್ದು ಹೋಗಿ ಬೋರ್ಡಿನಿಂದ ನೋಟೀಸು ಕಿತ್ತು ತಂದು, ಕೈ ಒರೆಸಿಕೊಳ್ಳಲು ನನಗೇ ಕೊಟ್ಟರು.

ಸುಮತಿಯ ಕಣ್ಣು ದೂರದಲ್ಲಿ ನಿಂತ ಭಾಭಿಯ ಮೇಲಿತ್ತು. "ಅವರಿಗೆ ನಾನು ಯಾವ ಮುಖ ತೋರಿಸುವುದು?" ಎಂದು ಮೆಲ್ಲಗೆ ಕೇಳಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆ ಸಂಜೆ ಆ ಮನೆಗೆ ಹೋದಷ್ಟು ಗೋಳಿಬಜೆ ನಮ್ಮ ಮನೆಯ ಯಾವ ಹಬ್ಬಕ್ಕೂ ಆದದ್ದಿಲ್ಲ. ತಟ್ಟೆ ಹೊತ್ತುಕೊಂಡು ಹೋಗಿ ಹಗ್ಗದ ಕತೆಯನ್ನು ಹಿಂದಿಯಲ್ಲಿ ಹೇಳುವ ಶಿಕ್ಷೆ ನನಗೇ ಬಿತ್ತು. ಭಾಭಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅದಕ್ಕೂ ಮೊದಲು ಕೆಳಗಿನ ಕೆಲಸವನ್ನು ಮುಗಿಸಿದ್ದೆ. ಮುಗಿಸಿದೆ ಎಂದು ಹೇಳುವಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿದೆ. ತೆಂಗಿನೆಣ್ಣೆ ಹಾಕಿ, ಊಟ ಮುಗಿಸಿ ಬರುವವರೆಗೂ ನೆನೆಯಲು ಬಿಟ್ಟಿದ್ದರಿಂದ ಹಳೆಯ ಸೆನ್ಸರ್ ಈ ಸಲ ಇಡಿಯಾಗಿಯೇ ಬಂತು. ಗೂಡನ್ನು ಉಜ್ಜಿ ಸ್ವಚ್ಛ ಮಾಡಿ ಹೊಸದನ್ನು ಕೂರಿಸಿ, ಅದರ ಜೊತೆಗೇ ಬಂದ ಹೊಸ ವೈರನ್ನು ಕೊಂಡಿಗಳಲ್ಲಿ ಒಂದೊಂದಾಗಿ ಸಿಕ್ಕಿಸಿದೆ. ಹಿಂದಿನ ಚಕ್ರಗಳನ್ನೂ ಬಿಚ್ಚಿ ನೋಡಿದೆ. ಅಲ್ಲಿ ಸುತ್ತಿದ್ದ ತುಂಡುಗಳನ್ನೂ ಕಿತ್ತೆ. ನಾಲ್ಕರಲ್ಲಿ ಮುಂದಿನ ಬಲಚಕ್ರದ ಮಾಲೆಯೊಂದೇ ನಿಜವಾಗಿ ಉದುರಿತ್ತು. ನಟ್ಟುಗಳನ್ನು ಬಿಗಿದು, ಮತ್ತೊಮ್ಮೆ ಬಿಗಿದು, ಕೀಲಿ ತಿರುಗಿಸಿದೆ. ಸುಮತಿ ಪಕ್ಕದಲ್ಲಿ ಕೂತಳು. ಕಾರು ಕಂಪೌಂಡಿನ ಸುತ್ತ ಪ್ರದಕ್ಷಿಣೆ ಹೊರಟಿತು. ನೀರಿನ ಟ್ಯಾಂಕಿನ ಹತ್ತಿರ ದೀಪ ಉರಿಯುತ್ತಿತ್ತು. ತಿರುವು ದಾಟಿದೆವು.

"ಆರಿತು," ಎಂದಳು ಸುಮತಿ.

ಆಫೀಸಿನಲ್ಲಿ ಬಡ್ತಿ ಬಂದ ದಿನವೂ ನಾನು ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಈ ಕೈಗಳು! ಪೆನ್ನು, ಛತ್ರಿ, ಲೋಕಲ್ಲಿನ ಹಿಡಿಕೆ ಬಿಟ್ಟರೆ ಏನನ್ನೂ ಹಿಡಿಯದ ಈ ಕೈಗಳು ಒಂದು ಕಾರನ್ನು ಸರಿಮಾಡಿದ್ದವು. ಕೆಡಿಸಿದ್ದೂ ಅವೇ ಎಂಬುದು ಬೇರೆ ವಿಷಯ. ಗ್ರೂಪಿನಲ್ಲಿ ಏನೂ ಹಾಕಲಿಲ್ಲ. ಅವರ ಪ್ರಕಾರ ದೀಪ ಯಾವತ್ತೋ ಆರಿತ್ತಲ್ಲ.

ಮದುವೆಯ ಬೆಳಿಗ್ಗೆ ಸಯನ್‌ನಲ್ಲಿ ಭಾವನ ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸಿದೆ. ಹೂವಿನವನು ಅಲಂಕಾರ ಮಾಡಲು ದಾರದ ಉಂಡೆ ಹಿಡಿದು ಬಂದ. ಚಕ್ರಗಳಿಂದ ದೂರವಿರುವಂತೆ ಅವನಿಗೆ ಆಜ್ಞೆ ಮಾಡಿ, ದಾರದಿಂದ ಸೆನ್ಸರಿಗೆ ಬರುವ ಅಪಾಯಗಳ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಯಾರೋ ಮೂರ್ಖ ಹೀಗ್ಹೀಗೆ ಮಾಡಿಕೊಂಡಿದ್ದನಂತೆ ಎಂದೆ. ಸುಮತಿ ಪಕ್ಕದಲ್ಲೇ ನಿಂತು ಸೀರೆಯ ನೆರಿಗೆ ಸರಿಪಡಿಸಿಕೊಂಡಳು.

ಪ್ರಜ್ಞಾ ಇಳಿದು ಬಂದಳು. ತಲೆ ತುಂಬ ಮಲ್ಲಿಗೆ, ಮೈ ತುಂಬ ರೇಷ್ಮೆ. ಹಿಂದಿನ ಸೀಟಿನಲ್ಲಿ, ಅಂದು ಕೂತಿದ್ದ ಅದೇ ಕಿಟಕಿಯ ಪಕ್ಕ ಕೂತಳು. ಕನ್ನಡಿಯಲ್ಲಿ ಅವಳ ಮುಖ ನೋಡಿ ನನ್ನ ಕಣ್ಣು ಮಂಜಾಯಿತು. ಗೇರ್ ಹಾಕಿ ಹೊರಟೆ.

ಹಾಲ್ ಇದ್ದದ್ದು ಎರಡು ಸಿಗ್ನಲ್ ಆಚೆ. ಮದುವೆಯ ಸೀಸನ್ನು, ಆ ರಸ್ತೆಯಲ್ಲಿ ಅಂದು ನಮ್ಮ ಮುಂದೆ ಒಂದು ಬ್ಯಾಂಡು, ಅದರ ಮುಂದೆ ಒಂದು ಕುದುರೆ, ಅದರ ಮುಂದೆ ಕೆಟ್ಟು ನಿಂತ ಒಂದು ಬಸ್ಸು. ಕಾರು ತೆವಳಿತು. ನಿಂತಿತು. ಮತ್ತೆ ತೆವಳಿತು. ಮನೆಯಿಂದ ನಡೆದು ಹೊರಟಿದ್ದ ನೆಂಟರು ಒಬ್ಬೊಬ್ಬರಾಗಿ ನಮ್ಮನ್ನು ಹಿಂದೆ ಹಾಕಿ, ಕಿಟಕಿಯಲ್ಲಿ ಕೈಬೀಸಿ ಮುಂದೆ ಹೋದರು. ಮದುಮಗನ ಅಜ್ಜಿಯೂ ಹೋದರು! ಭಾವನ ಎತ್ತರದ ಕಾರು ಎಲ್ಲೋ ಹಿಂದೆ ಸಿಕ್ಕಿಬಿದ್ದದ್ದರಿಂದ ಅವರು, ಮುಹೂರ್ತ ಮೀರೀತೆಂದು ಮೊಣಕಾಲು ಮರೆತು ಇಳಿದು ನಡೆದಿದ್ದರಂತೆ. ಕೊನೆಗೆ ಭಾವನೇ ನಡೆದು ಬಂದು ಗಾಜು ತಟ್ಟಿದರು. ನಡೆದರೆ ಈಗಲೇ ಮುಟ್ಟಬಹುದು, ಇಳಿಯಲಿ ಎಂದರು.

ಪ್ರಜ್ಞಾ ಗಾಜು ಇಳಿಸಿದಳು. "ನಾನು ಇಳಿಯೋಲ್ಲ ಪಪ್ಪಾ," ಎಂದಳು. "ಈ ಗಾಡಿ ಮಾವ ತನ್ನ ಕೈಯಿಂದ ರಿಪೇರಿ ಮಾಡಿದ್ದು. ನನಗೋಸ್ಕರ."

ನಾನು ಮುಂದಿನ ಗಾಜಿನಾಚೆ ಕುದುರೆಯ ಬಾಲವನ್ನೇ ನೋಡುತ್ತ ಕೂತೆ. ಹಾಗೆ ಕೂರದಿದ್ದರೆ ಅತ್ತುಬಿಡುತ್ತಿದ್ದೆ.

ಬಸ್ಸನ್ನು ಯಾರೋ ತಳ್ಳಿದರು, ದಾರಿಯಾಯಿತು, ಮುಹೂರ್ತಕ್ಕೆ ಮೊದಲೇ ತಲುಪಿದೆವು. ಊಟದ ಪಂಕ್ತಿಯಲ್ಲಿ ನಾನು ಸೆನ್ಸರ್ ಬದಲಾಯಿಸಿದ ಕತೆಯನ್ನು, ಹಗ್ಗದ ಭಾಗ ಬಿಟ್ಟು, ಎಡಬಲದವರಿಗೆಲ್ಲ ಹೇಳಿದೆ. ಬಡಿಸುತ್ತ ಬಂದ ಭಾವ ಪಾಯಸ ಹಾಕಿ ಸ್ವಲ್ಪ ನಿಂತರು. ದೀಪ ಆರಿದ್ದು ಸಂತೋಷವೇ, ಆದರೆ ಬ್ರೇಕ್ ಒತ್ತುವಷ್ಟು ಕಾರು ಓಡಿದರೆ ತಾನೇ ರಿಪೇರಿಯ ಗುಣ ತಿಳಿಯುವುದು ಎಂದರು. ನಿಜ. ಚಕ್ರದ ವೇಗ ಅಳೆಯುವ ನನ್ನ ಎರಡು ಹೊಸ ಸೆನ್ಸರುಗಳಿಗೆ ಮದುಮಗಳು ಕೂತ ಮೇಲೆ ಅಳೆಯಲು ವೇಗವೇ ಸಿಕ್ಕಿರಲಿಲ್ಲ.

ಈ ವರ್ಷದ ದಸರೆಯೂ ಬಂತು. ನಮ್ಮ ಬಾಲ್ಕನಿಯಲ್ಲಿ ಈಗ ಬಟ್ಟೆ ಒಣಗಿಸಲು ಸ್ಟೀಲಿನ ತಂತಿ ಇದೆ, ಎರಡೂ ಕಡೆ ನಟ್ಟು ಹಾಕಿ ಬಿಗಿದದ್ದು. ಅದನ್ನು ಬಿಚ್ಚುವ ಪಾನಾ ಸುಮತಿಯ ಕಪಾಟಿನಲ್ಲಿದೆ, ಕಪಾಟಿನ ಕೀಲಿ ಸುಮತಿಯ ಸೊಂಟದಲ್ಲಿದೆ. ಈ ಸಲ ಕಾರಿನ ಪೂಜೆಯನ್ನು ಅವಳೇ ಮಾಡಿದಳು. ಬಾನೆಟ್ಟಿನ ಮೇಲೆ ಒಂದೇ ಮಾಲೆ, ಹೂ ಮಾರುವವಳ ಬಡಪಾಯಿ ನೂಲಿನದ್ದು. ಭಾಭಿ ಆರತಿ ತಟ್ಟೆ ಹಿಡಿದರು, ಸೆಕ್ರೆಟರಿ ಕಾಯಿ ಒಡೆದರು. ನನ್ನ ಕೈಗೆ ಗಂಟೆ ಕೊಟ್ಟು, ಚಕ್ರಗಳಿಂದ ದೂರದಲ್ಲಿ, ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿದರು.

ನಾನು ಗಂಟೆ ಬಾರಿಸಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ನಮ್ಮ ಸೊಸೈಟಿಯಲ್ಲಿ ಅಷ್ಟು ಚೆನ್ನಾಗಿ ಗಂಟೆ ಬಾರಿಸುವವರು ಇನ್ನೊಬ್ಬರಿಲ್ಲ.